ಕರಗದ ನೇರಳೆ ಲವಣ

“ಮೇಷ್ಟ್ರೇ, ಒಬ್ಬರಿಗೆ ಒಂದೇ ಮಾತನ್ನು ಎಷ್ಟು ಸಲ ಹೇಳಬೇಕು?”

ಕೇಳಿದವನು ತಿಪ್ಪೇಶ. ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಾನೆ. ಕೇಳಿಸಿಕೊಂಡವರು ಹಾಲಪ್ಪ ಮೇಷ್ಟ್ರು. ತಿಪ್ಪೇಶನಿಗೆ ಅದೇ ಶಾಸ್ತ್ರವನ್ನು ಕಲಿಸಿದವರು. ನಿವೃತ್ತರಾಗಿ ಒಂಬತ್ತು ವರ್ಷವಾಗಿದೆ, ಸಿಟ್ಟು ಮಾತ್ರ ಇನ್ನೂ ನಿವೃತ್ತಿ ತೆಗೆದುಕೊಂಡಿಲ್ಲ.

“ಯಾರಿಗೆ? ಏನು ಮಾತು? ಮೊದಲಿಂದ ಹೇಳು” ಎಂದರು ಮೇಷ್ಟ್ರು.

ತಿಪ್ಪೇಶ ಹೇಳಿದ. ಓಬಮ್ಮ ಎಂದು ಒಬ್ಬ ಹುಡುಗಿ, ಎರಡನೇ ವರ್ಷದ ಬಿಎಸ್ಸಿ. ಲೋಹದ ಲವಣಗಳ ಪಾಠ ಅವಳ ತಲೆಗೆ ಒಂದಕ್ಷರ ಹೋಗಿಲ್ಲ. ತರಗತಿಯಲ್ಲಿ ಹೇಳಿದ್ದಾನೆ, ತರಗತಿ ಮುಗಿದ ಮೇಲೆ ಕೂರಿಸಿಕೊಂಡು ಹೇಳಿದ್ದಾನೆ, ಬೋರ್ಡಿನ ಮೇಲೆ ಬರೆದು ಬರೆದು ಕೈ ಸೋತಿದೆ. ಅರ್ಥವಾಯಿತೇನಮ್ಮ ಎಂದರೆ “ಹೂಂ ಸಾರ್” ಅನ್ನುತ್ತಾಳೆ. ಹಾಗಾದರೆ ಬರಿ ಎಂದರೆ ಖಾಲಿ ಹಾಳೆ ಕೊಡುತ್ತಾಳೆ. ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಇವತ್ತು ನಾಲ್ಕು ಗಂಟೆಯೊಳಗೆ ಆಂತರಿಕ ಅಂಕಗಳ ಪಟ್ಟಿ ಕೊಡಬೇಕು. ಅವಳ ಹೆಸರಿನ ಮುಂದೆ ಸೊನ್ನೆ ಹಾಕಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದಾನೆ, ಈ ವರ್ಷ ದಾಟದಿದ್ದರೆ ಓದಿದ್ದು ಸಾಕು, ಮನೆಯಲ್ಲಿರಲಿ ಎಂದು.

“ಇಷ್ಟು ಗೊತ್ತಿದ್ದೂ ಸೊನ್ನೆ ಹಾಕುತ್ತೀಯೋ?”

“ಇನ್ನೇನು ಮಾಡಲಿ ಮೇಷ್ಟ್ರೇ? ಬಾಯಿ ಬಡಿದುಕೊಂಡು ಬಡಿದುಕೊಂಡು ಸಾಕಾಗಿದೆ. ಇಷ್ಟು ಹೊತ್ತು ಕಲ್ಲಿಗೆ ಹೇಳಿದ್ದರೂ ಕರಗುತ್ತಿತ್ತು.”

“ಕರಗುವ ವಿಷಯ ನೀನು ಮಾತಾಡಬೇಡ” ಎಂದರು ಮೇಷ್ಟ್ರು. “ಆ ಪಟ್ಟಿ ಪಕ್ಕಕ್ಕಿಡು. ಬಾಯಿ ಮುಚ್ಚಿಕೊಂಡು ಕೇಳು.”

ಅವರು ಹೇಳಿದ ಕತೆ ಇದು.

ಒಬ್ಬ ಲವಣಗಾರ ಇದ್ದ. ಲೋಹಗಳಿಂದ ಲವಣ ತಯಾರಿಸಿ ಬಣ್ಣದವರಿಗೆ ಕೊಡುವುದು ಅವನ ಕಸುಬು. ಅವನ ಹತ್ತಿರ ಕೊಳ್ಳುವವರಲ್ಲಿ ಉಣ್ಣೆಗೆ ಬಣ್ಣ ಹಾಕುವ ಒಬ್ಬ ಬಣ್ಣಗಾರನಿದ್ದ. ಉಣ್ಣೆಗೆ ಬರೀ ಬಣ್ಣ ಹಾಕಿದರೆ ನಿಲ್ಲುವುದಿಲ್ಲ, ನಾಲ್ಕು ಸಲ ಒಗೆದರೆ ಹೊಳೆ ಪಾಲಾಗುತ್ತದೆ. ಮೊದಲು ಕ್ರೋಮಿಯಂ ಕ್ಲೋರೈಡ್ ಕರಗಿಸಿದ ನೀರಿನಲ್ಲಿ ಉಣ್ಣೆಯನ್ನು ಅದ್ದಬೇಕು. ಆಮೇಲೆ ಹಾಕಿದ ಬಣ್ಣ ಕಚ್ಚಿಕೊಳ್ಳುತ್ತದೆ.

ಲವಣಗಾರ ಕೊಡುತ್ತಿದ್ದದ್ದು ಹಸಿರು ಹರಳು. ನೀರಿಗೆ ಹಾಕಿದರೆ ಕರಗುತ್ತಿತ್ತು. ಯಾರಿಗೂ ತಕರಾರಿರಲಿಲ್ಲ. ಒಂದು ದಿನ ಬಣ್ಣಗಾರ ತಮಾಷೆಗೆ ಒಂದು ಮಾತು ಆಡಿದ. “ನಿನ್ನ ಹರಳಿನಲ್ಲಿ ಐದು ಪಾಲಿಗೆ ಎರಡು ಪಾಲು ನೀರೇ ಇದೆಯಂತಲ್ಲಪ್ಪ. ನೀರು ನಮ್ಮ ಬಾವಿಯಲ್ಲೂ ಇದೆ” ಎಂದ.

ಆಡಿದವನು ಆಡಿ ಮರೆತ. ಕೇಳಿದವನಿಗೆ ಮೈಯೆಲ್ಲ ಉರಿದುಹೋಯಿತು. ನನ್ನ ಲವಣವನ್ನು ನೀರು ಅನ್ನುವುದೇ? “ಬರುವ ತಿಂಗಳು ಮೊದಲ ಸೋಮವಾರ ಒಂದು ಹನಿ ನೀರಿಲ್ಲದ ಲವಣ ತರುತ್ತೇನೆ. ನೀನು ಉಣ್ಣೆ ನೆನೆಸಿಟ್ಟುಕೊಂಡಿರು” ಎಂದು ಹೇಳಿ ಹೊರಟುಹೋದ.

ಮನೆಗೆ ಬಂದವನೇ ಹಸಿರು ಹರಳನ್ನು ಬಾಣಲೆಗೆ ಹಾಕಿ ಒಲೆ ಹಚ್ಚಿದ. ಕಾಯಿಸಿದರೆ ನೀರು ಹೋಗುತ್ತದೆ, ಇದರಲ್ಲಿ ಏನು ವಿದ್ಯೆ ಬೇಕು ಎಂದುಕೊಂಡ. ಹೊಗೆ ಎದ್ದಿತು. ಮೂಗು ಸುಡುವ ಆಮ್ಲದ ಹೊಗೆ. ಮನೆಮಂದಿಯೆಲ್ಲ ಕೆಮ್ಮುತ್ತಾ ಬೀದಿಗೆ ಓಡಿದರು. ಹೊಗೆ ನಿಂತ ಮೇಲೆ ನೋಡಿದರೆ ಬಾಣಲೆಯಲ್ಲಿ ಹಸಿರು ಬೂದಿಯಂಥ ಪುಡಿ. ನೀರಿಗೆ ಹಾಕಿದ, ಕರಗಲಿಲ್ಲ. ಆಮ್ಲಕ್ಕೆ ಹಾಕಿದ, ಅಲ್ಲಾಡಲಿಲ್ಲ. ಏಕೆ ಹೇಳು ನೋಡೋಣ?

“ಅದು ಆಕ್ಸೈಡ್ ಆಗಿಬಿಟ್ಟಿದೆ ಮೇಷ್ಟ್ರೇ” ಎಂದ ತಿಪ್ಪೇಶ.

ಹೌದು. ಹರಳಿನೊಳಗಿನ ನೀರು ಬರಿಗೈಯಲ್ಲಿ ಹೊರಡುವುದಿಲ್ಲ. ಕ್ಲೋರಿನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ, ತನ್ನ ಆಕ್ಸಿಜನ್ನನ್ನು ಬಿಟ್ಟು ಹೋಗುತ್ತದೆ. ಕ್ಲೋರೈಡ್ ಮಾಡಲು ಹೋದವನ ಕೈಯಲ್ಲಿ ಕ್ಲೋರಿನ್ನೇ ಇಲ್ಲ. ಇಷ್ಟು ಅವನಿಗೆ ಗೊತ್ತಿರಬೇಕಿತ್ತು. ಇಪ್ಪತ್ತು ವರ್ಷದ ಕಸುಬು ಅವನದು. ಸಿಟ್ಟು ಬಂದವನಿಗೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ನೀನು ಪಟ್ಟಿಯನ್ನು ಮಡಿಚಬೇಡ, ಹಾಳಾಗುತ್ತದೆ, ಕೆಳಗಿಡು ಎಂದೆನಲ್ಲ.

ಆದರೂ ಅವನು ಬಿಡುವ ಕುಳವಲ್ಲ. ಆ ಹಾಳು ಪುಡಿಗೇ ಇದ್ದಿಲಿನ ಪುಡಿ ಬೆರೆಸಿದ. ಬೆಂಕಿಗೆ ತಡೆಯುವ ಮಣ್ಣಿನ ಕೊಳವೆಯಲ್ಲಿ ತುಂಬಿದ. ಕೊಳವೆಯನ್ನು ಕೆಂಪಗೆ ಕಾಯಿಸಿದ. ಮ್ಯಾಂಗನೀಸ್ ಅದಿರಿಗೆ ಆಮ್ಲ ಹಾಕಿ ಕ್ಲೋರಿನ್ ಅನಿಲ ಎಬ್ಬಿಸಿ, ಅದನ್ನು ಒಣಗಿಸಿ, ಕೊಳವೆಯ ಈ ತುದಿಯಿಂದ ಒಳಗೆ ಬಿಟ್ಟ. ಇದ್ದಿಲು ಆಕ್ಸಿಜನ್ನನ್ನು ಎತ್ತಿಕೊಂಡು ಹೋಯಿತು. ಖಾಲಿಯಾದ ಜಾಗಕ್ಕೆ ಕ್ಲೋರಿನ್ ಬಂದು ಕೂತಿತು. ಕೊಳವೆಯ ಆ ತುದಿ ತಣ್ಣಗಿತ್ತು. ಬಿಸಿಗೆ ಆವಿಯಾದ ಲವಣ ಅಲ್ಲಿ ಬಂದು ಪದರ ಪದರವಾಗಿ ಕಟ್ಟಿಕೊಂಡಿತು. ನೇರಳೆ ಬಣ್ಣ. ಮೂರು ದಿನ ಈ ಕೆಲಸ ಮಾಡಿದ, ಎಂಟು ದಿನ ಕೆಮ್ಮಿದ.

ಆ ನೇರಳೆ ಪದರವನ್ನು ಬೆರಳಲ್ಲಿ ಉಜ್ಜಿದರೆ ಜಾರುತ್ತದೆ. ಅದರ ಕಟ್ಟಡವೇ ಹಾಗೆ. ಕ್ಲೋರಿನ್ನಿನ ಒಂದು ಹಾಸು, ಅದರ ಮೇಲೆ ಕ್ರೋಮಿಯಂ, ಮತ್ತೆ ಕ್ಲೋರಿನ್ನಿನ ಒಂದು ಹಾಸು, ಇಷ್ಟು ಸೇರಿ ಒಂದು ಪದರ. ಪದರಕ್ಕೂ ಪದರಕ್ಕೂ ನಡುವೆ ನಂಟು ಸಡಿಲ, ಅದಕ್ಕೇ ಜಾರುವುದು. ಆದರೆ ಪದರದೊಳಗೆ ಒಂದೊಂದು ಕ್ರೋಮಿಯಮ್ಮಿನ ಸುತ್ತ ಆರು ಕ್ಲೋರಿನ್. ಆ ಆರನ್ನೂ ಅದು ಬಿಗಿಯಾಗಿ ಹಿಡಿದಿರುತ್ತದೆ, ಒಂದನ್ನೂ ಬಿಡುವುದಿಲ್ಲ. ಮೇಲೆ ನೋಡಿದರೆ ಮೆತ್ತಗೆ, ಒಳಗೆ ಮಹಾ ಹಟಮಾರಿ. ಲವಣಗಾರ ಮೇಲಿನದಷ್ಟೇ ನೋಡಿ ಹಿಗ್ಗಿದ.

ಸೋಮವಾರ ಬೆಳಿಗ್ಗೆ ಬಣ್ಣಗಾರನ ಮನೆಗೆ ಹೋದ. ಬಣ್ಣಗಾರ ಮಾತು ನಂಬಿ ಆ ವರ್ಷದ ಉಣ್ಣೆಯನ್ನೆಲ್ಲ ಹಿಂದಿನ ದಿನವೇ ನೆನೆಸಿಟ್ಟಿದ್ದ. ನೆನೆದ ಉಣ್ಣೆ ಸಂಜೆಯೊಳಗೆ ಲವಣದ ನೀರಿಗೆ ಇಳಿಯಬೇಕು. ಇಲ್ಲದಿದ್ದರೆ ಗಂಟುಗಂಟಾಗಿ ನಾರಲು ಶುರುವಾಗುತ್ತದೆ, ತಿಪ್ಪೆಗೆ ಹಾಕಬೇಕಾಗುತ್ತದೆ. ಒಂದು ವರ್ಷದ ಬಾಳು ಅದು. ಹಾಗಿದ್ದೂ ಈ ಪುಣ್ಯಾತ್ಮ ಬರುವ ಮುಂಚೆ ಒಂದು ಚಿಟಿಕೆಯನ್ನು ನೀರಿಗೆ ಹಾಕಿ ನೋಡಿದ್ದನೇ? ಇಲ್ಲ. ಶುದ್ಧ ಲವಣ ಕರಗದೆ ಇರುತ್ತದೆಯೇ ಎಂಬ ಭರವಸೆ.

ದೊಡ್ಡ ಬಾನಿಯಲ್ಲಿ ನೀರು ಕಾಯುತ್ತಿತ್ತು. ಲವಣವನ್ನು ಸುರಿದ. ತಳಕ್ಕೆ ಹೋಗಿ ಕೂತಿತು. ನೀರು ಇದ್ದ ಹಾಗೇ ಇತ್ತು. ಕೋಲು ಹಾಕಿ ತಿರುವಿದ. ನೇರಳೆ ಚೂರು ಮೇಲಕ್ಕೆ ಬಂದು ಸುತ್ತಿ ಮತ್ತೆ ತಳ ಸೇರಿತು. ಇನ್ನಷ್ಟು ಸೌದೆ ಒಟ್ಟಿದ. ನೀರು ಕೊತಕೊತ ಕುದಿಯಿತು. ಜಪ್ಪಯ್ಯ ಎಂದರೂ ಲವಣ ಕರಗಲಿಲ್ಲ. ಹೊರಗೆ ತೆಗೆದು, ಒರಳಿನಲ್ಲಿ ಕುಟ್ಟಿ, ಪುಡಿ ಮಾಡಿ ಮತ್ತೆ ಹಾಕಿದ. ನುಣ್ಣಗಿನ ಪುಡಿಯಾಗಿ ತಳದಲ್ಲಿ ಕೂತಿತು. ಆಮ್ಲ ಸುರಿದ. ಅದಕ್ಕೂ ಜಗ್ಗಲಿಲ್ಲ. ಮಧ್ಯಾಹ್ನವಾಯಿತು.

“ಏನಯ್ಯಾ ಇದು? ಲವಣ ತಂದೆಯೋ ಮರಳು ತಂದೆಯೋ?” ಎಂದು ಬಣ್ಣಗಾರ ಕೂಗಾಡಿದ.

“ನೀನು ಬಾಯಿ ಮುಚ್ಚು. ಲವಣ ಶುದ್ಧವಾಗಿದೆ. ನಿನ್ನ ನೀರು ಸರಿಯಿಲ್ಲ” ಎಂದ ಲವಣಗಾರ.

ಹೀಗೆ ಮನುಷ್ಯರೊಂದಿಗೆ ಜಗಳ ಒಂದು ಕಡೆ. ಇನ್ನೊಂದು ಕಡೆ ಬಾನಿಯೊಳಕ್ಕೆ ಬಗ್ಗಿ ಆ ಲವಣದೊಂದಿಗೂ ಜಗಳ. “ನಿನಗೆ ಇಷ್ಟು ಮಾಡಿದ್ದೇನೆ, ಕ್ಲೋರಿನ್ ಕುಡಿದು ಸಾಯುತ್ತಿದ್ದೆ, ಕರಗುವುದಕ್ಕೇನು ರೋಗ ನಿನಗೆ?” ಎಂದು. ಲವಣಕ್ಕೆ ಕಿವಿ ಇದೆಯೇ? ಅವನಿಗೆ ಗೊತ್ತಿದ್ದದ್ದು ಮೂರೇ ಉಪಾಯ. ಇನ್ನೂ ಕಾಯಿಸುವುದು, ಇನ್ನೂ ತಿರುವುವುದು, ಇನ್ನೂ ಕುಟ್ಟುವುದು. ಒಂದು ಸಲ ಆಗದ್ದನ್ನು ಹತ್ತು ಸಲ ಮಾಡಿದರೆ ಆಗುತ್ತದೆ ಎಂದು ಯಾರು ಹೇಳಿದರೋ ಇವನಿಗೆ! ನೀನು ನಗಬೇಡ. ನಿನಗೆ ನಗುವ ಹಕ್ಕಿಲ್ಲ.

ಬಣ್ಣಗಾರನ ಹೆಂಡತಿ ಇದನ್ನೆಲ್ಲ ಬೆಳಗಿನಿಂದ ನೋಡುತ್ತಿದ್ದಳು. ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ಕೊನೆಗೆ ಎದ್ದು ಬಂದು, “ನನ್ನ ಒಲೆ ಬಿಡಿ ಮಾರಾಯರೇ, ಮಕ್ಕಳಿಗೆ ಹೊಟ್ಟೆಗೆ ಬೇಡವೇ?” ಎಂದಳು. ಬಾನಿಯನ್ನು ಇಳಿಸಲು ಭಾರ. ಅದರಿಂದ ಎರಡು ಬಿಂದಿಗೆಯಷ್ಟು ನೀರನ್ನು ಪುಡಿಯ ಸಮೇತ ಮೊಗೆದು ಮೂಲೆಯಲ್ಲಿದ್ದ ಒಂದು ಹಳೆಯ ಮಡಕೆಗೆ ಸುರಿದಳು.

ಮಡಕೆಯಲ್ಲಿ ಗುಳ್ಳೆ ಎದ್ದಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ನೇರಳೆ ಪುಡಿ ಮಾಯವಾಗಿ ನೀರು ಹಸಿರಾಯಿತು. ಕೈ ಇಟ್ಟರೆ ಮಡಕೆ ಮೊದಲಿಗಿಂತ ಬಿಸಿಯಾಗಿತ್ತು.

ಮೂವರೂ ಬಗ್ಗಿ ನೋಡಿದರು. “ಏನು ಹಾಕಿದೆ ತಾಯಿ?” ಎಂದ ಲವಣಗಾರ.

“ಏನೂ ಹಾಕಿಲ್ಲಪ್ಪ. ನೀಲಿ ಬಣ್ಣ ಕರಗಿಸುವ ಮಡಕೆ ಅದು. ನೀಲಿಯೂ ನೀರಿಗೆ ಕರಗುವುದಿಲ್ಲ, ಅದಕ್ಕೆ ಸತುವಿನ ಪುಡಿ ಹಾಕುತ್ತೇವೆ. ತಳದಲ್ಲಿ ಒಂದಿಷ್ಟು ಉಳಿದಿತ್ತೋ ಏನೋ.”

ಇಲ್ಲಿಗೆ ಅವನು ಕೈ ಮುಗಿಯಬೇಕಿತ್ತು. ಏನು ಮಾಡಿದ ಗೊತ್ತೇ? “ನನ್ನ ಲವಣಕ್ಕೆ ಕೊಳೆ ಸೇರಿಸಿಬಿಟ್ಟಿರಾ!” ಎಂದು ಕೂಗಿಕೊಂಡು ಆ ಮಡಕೆಯನ್ನು ಎತ್ತಿ ಬಚ್ಚಲಿಗೆ ಸುರಿದ. ಬೆಳಗಿನಿಂದ ಕರಗಿದ್ದು ಅದೊಂದೇ, ಅದನ್ನೂ ಸುರಿದ. ಆಮೇಲೆ ಬೂದಿ ಹಾಕಿ, ತೆಂಗಿನ ನಾರು ಹಾಕಿ, ಮಡಕೆಯನ್ನು ಮೂರು ಸಲ ತಿಕ್ಕಿ ತೊಳೆದ. “ಮಡಕೆ ಒಳ್ಳೆಯದು. ಶುದ್ಧ ಮಾಡಿ ಹಾಕಿದರೆ ಇನ್ನೂ ಬೇಗ ಕರಗುತ್ತದೆ” ಎಂದ. ಹೊಸ ಲವಣ ಹಾಕಿ, ಹೊಸ ಬಿಸಿನೀರು ಹಾಕಿ, ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತ.

ಕರಗಲಿಲ್ಲ. ಎಲ್ಲಿಂದ ಕರಗುತ್ತದೆ? ಈ ಕತೆ ಹೇಳುವಾಗಲೆಲ್ಲ ಇಲ್ಲಿಗೆ ಬಂದರೆ ನನಗೆ ಅವನ ಕಪಾಳಕ್ಕೆ ಎರಡು ಬಿಡಬೇಕು ಅನಿಸುತ್ತದೆ.

ಹೊತ್ತು ಇಳಿಯುತ್ತಿತ್ತು. ಉಣ್ಣೆಯಿಂದ ಸಣ್ಣಗೆ ವಾಸನೆ ಏಳುತ್ತಿತ್ತು. ಬಣ್ಣಗಾರ ಕೂಗುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ನೋಡಿದ ಹೆಂಡತಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಒಳಗೆ ಹೋದಳು. ಸತುವಿನ ಡಬ್ಬಿ ತಂದಳು. ಮೂರು ಬೆರಳಲ್ಲಿ ಎತ್ತಿದಷ್ಟು ಪುಡಿಯನ್ನು ದೊಡ್ಡ ಬಾನಿಗೆ ಹಾಕಿ ಕೋಲಿನಿಂದ ಒಂದು ಸುತ್ತು ತಿರುವಿದಳು. ಲವಣಗಾರ “ಬೇಡ, ಬೇಡ” ಎಂದು ಎದ್ದ. ಅವನು ಬಾನಿಯ ಹತ್ತಿರ ಬರುವಷ್ಟರಲ್ಲಿ ನೀರು ಹಸಿರಾಗತೊಡಗಿತ್ತು. ನೋಡುತ್ತಾ ನಿಂತಿದ್ದಂತೆ ತಳದ ಪುಡಿಯೆಲ್ಲ ಹೋಯಿತು. ಗಂಡ ಹೆಂಡತಿ ಸೇರಿ ಉಣ್ಣೆಯನ್ನು ಇಳಿಸಿದರು. ಅವರ ವರ್ಷ ಉಳಿಯಿತು.

ಲವಣಗಾರ ಮಾತ್ರ ಅಲ್ಲೇ ಕೂತಿದ್ದ. ಒಂದು ಲೆಕ್ಕ ಅವನಿಗೆ ಹತ್ತಲಿಲ್ಲ. ಮೂರು ಬೆರಳ ಸತು ಎಲ್ಲಿ, ಬಾನಿ ತುಂಬ ಲವಣ ಎಲ್ಲಿ? ಆ ಇಷ್ಟೇ ಇಷ್ಟು ಸತು ಅಷ್ಟನ್ನೂ ಕರಗಿಸಿದ್ದು ಹೇಗೆ?

ಮೇಷ್ಟ್ರು ಇಲ್ಲಿ ನಿಲ್ಲಿಸಿ ತಿಪ್ಪೇಶನ ಮುಖ ನೋಡಿದರು. “ಹೇಗೆ? ಪಾಠ ಮಾಡುವವನು ನೀನು. ಹೇಳು.”

“ಸತು ಕರಗಿಸುವುದಿಲ್ಲ ಮೇಷ್ಟ್ರೇ” ಎಂದ ತಿಪ್ಪೇಶ. “ಆ ಲವಣದಲ್ಲಿ ಕ್ರೋಮಿಯಂ ಮೂರು ಎಲೆಕ್ಟ್ರಾನು ಕಳೆದುಕೊಂಡು ಮೂರನೇ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಅದು ತನ್ನ ಕ್ಲೋರಿನ್‌ಗಳನ್ನು ಬಿಡುವುದಿಲ್ಲ, ನೀರನ್ನು ಹತ್ತಿರ ಸೇರಿಸುವುದಿಲ್ಲ. ಸತು ಎಲ್ಲೋ ಒಂದೆರಡು ಕ್ರೋಮಿಯಮ್ಮಿಗೆ ಒಂದು ಎಲೆಕ್ಟ್ರಾನು ಕೊಟ್ಟು ಎರಡನೇ ಸ್ಥಿತಿಗೆ ಇಳಿಸುತ್ತದೆ. ಆಮೇಲಿನ ಕೆಲಸ ಅವು ಮಾಡುತ್ತವೆ.”

“ಯಾವುವು?”

“ಆ ಇಳಿದ ಕ್ರೋಮಿಯಂಗಳು.”

“ಏನು ಮಾಡುತ್ತವೆ? ಪೂರ್ತಿ ಹೇಳು, ಅರ್ಧಕ್ಕೆ ನುಂಗಬೇಡ.”

“ಇಳಿದ ಕ್ರೋಮಿಯಂ ಪದರದ ಅಂಚಿಗೆ ಹೋಗುತ್ತದೆ. ಒಳಗಿರುವ ಕ್ರೋಮಿಯಂ ಹಿಡಿದುಕೊಂಡಿರುವ ಕ್ಲೋರಿನ್‌ಗಳಲ್ಲಿ ಒಂದನ್ನು ತಾನೂ ಹಿಡಿಯುತ್ತದೆ. ಅದರ ಮೂಲಕ ತನ್ನ ಎಲೆಕ್ಟ್ರಾನನ್ನು ಒಳಗಿನದಕ್ಕೆ ದಾಟಿಸುತ್ತದೆ. ಆಗ ಒಳಗಿನದೂ ಎರಡಕ್ಕೆ ಇಳಿಯುತ್ತದೆ. ಅದರ ಹಿಡಿತ ಸಡಿಲವಾಗಿ ನೀರಿಗೆ ಬರುತ್ತದೆ. ಬಂದದ್ದು ಮತ್ತೊಂದರ ಹತ್ತಿರ ಹೋಗುತ್ತದೆ. ಹೀಗೆ ಒಂದು ಇನ್ನೊಂದನ್ನು ಬಿಡಿಸುತ್ತಾ ಹೋಗುವುದರಿಂದ ಸತು ಬಹಳ ಬೇಕಾಗುವುದಿಲ್ಲ.”

“ಎಲೆಕ್ಟ್ರಾನು ಕೊಟ್ಟ ಮೊದಲನೆಯದು ಏನಾಯಿತು? ಹಾಳಾಗಿ ಹೋಯಿತೇ?”

“ಇಲ್ಲ ಮೇಷ್ಟ್ರೇ. ಅದು ತಿರುಗಿ ಮೂರನೇ ಸ್ಥಿತಿಗೇ ಬರುತ್ತದೆ. ಅದಕ್ಕೇನೂ ನಷ್ಟವಿಲ್ಲ.”

“ಚೆನ್ನಾಗಿ ಹೇಳಿದೆ. ತಪ್ಪಿಲ್ಲ. ನಿನ್ನ ಪಾಠದಲ್ಲಿ ಎಂದೂ ತಪ್ಪಿಲ್ಲ ಬಿಡು” ಎಂದರು ಮೇಷ್ಟ್ರು. ಹೊಗಳಿದರೋ ಬೈದರೋ ತಿಪ್ಪೇಶನಿಗೆ ತಿಳಿಯಲಿಲ್ಲ.

ಆಮೇಲೆ ತಿಪ್ಪೇಶ ನೆಟ್ಟಗೆ ಕೂತ. “ತಿಳಿಯಿತು ಮೇಷ್ಟ್ರೇ. ಅವಳಿಗೆ ಹೊರಗಿನಿಂದ ಏನಾದರೂ ಸಹಾಯ ಬೇಕು ಅನ್ನುತ್ತೀರಿ. ಯಾರ ಹತ್ತಿರವಾದರೂ ಟ್ಯೂಷನ್‌ಗೆ ಹಾಕಿಸಲೇ? ಇಲ್ಲವೇ ನೋಟ್ಸನ್ನು ಇನ್ನೊಂದಿಷ್ಟು ಸರಳ ಮಾಡಿ ಕೊಡುತ್ತೇನೆ. ಇನ್ನೊಂದು ಸಲ ಹೇಳು ಅಂದರೆ ಅದನ್ನೂ ಹೇಳುತ್ತೇನೆ.”

“ಅಯ್ಯೋ ಶಿವನೇ!” ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು. “ಈಗ ತಾನೇ ನಿನ್ನ ಬಾಯಿಂದಲೇ ಹೇಳಿದೆಯಲ್ಲೋ! ಒಳಗಿರುವ ಕ್ರೋಮಿಯಮ್ಮಿನ ಹತ್ತಿರ ಹೋದದ್ದು ಯಾವುದು? ಬೆಂಕಿಯೋ? ಕೋಲೋ? ಆಮ್ಲವೋ?”

“ಇನ್ನೊಂದು ಕ್ರೋಮಿಯಂ.”

“ಎಂಥದ್ದು?”

“ಒಂದು ಮೆಟ್ಟಿಲು ಇಳಿದದ್ದು.”

“ಆ ಹುಡುಗಿ ನಿನ್ನನ್ನು ಏನೂ ಕೇಳುವುದಿಲ್ಲ ಅಂದೆ. ಹೂಂ ಅನ್ನುತ್ತಾಳೆ, ಖಾಲಿ ಹಾಳೆ ಕೊಡುತ್ತಾಳೆ ಅಂದೆ. ಅವಳ ಕಣ್ಣಿಗೆ ನೀನು ಯಾರು? ಹುಟ್ಟುತ್ತಲೇ ಎಲ್ಲ ಕಲಿತು ಬಂದ ಸಾರ್. ಅಂಥವನ ಮುಂದೆ ಯಾವಳು ಬಾಯಿ ಬಿಟ್ಟು ನನಗೆ ಬರುವುದಿಲ್ಲ ಅನ್ನುತ್ತಾಳೆ?”

“ನಾನೇನೂ ಅವಳಿಗೆ ಬೈದಿಲ್ಲ ಮೇಷ್ಟ್ರೇ. ತಾಳ್ಮೆಯಿಂದಲೇ ಹೇಳಿದ್ದೇನೆ” ಎಂದ ತಿಪ್ಪೇಶ. ಅವನ ದನಿ ಇಳಿದಿತ್ತು.

ಮೇಷ್ಟ್ರು ಅಂಕಗಳ ಪಟ್ಟಿಯನ್ನು ತಾವೇ ಎತ್ತಿ ಅವನ ಕೈಯಲ್ಲಿಟ್ಟರು. ಇಷ್ಟು ಹೊತ್ತು ಇದ್ದ ಸಿಟ್ಟು ಅವರ ಮುಖದಲ್ಲಿ ಇರಲಿಲ್ಲ.

“ಇದೇ ಪಾಠದಲ್ಲಿ ಫೇಲಾಗಿ, ಓದು ಬಿಡುತ್ತೇನೆ ಎಂದು ನೀನು ನನ್ನ ಮುಂದೆ ಕೂತು ಅತ್ತದ್ದು ಆ ಹುಡುಗಿಗೆ ಗೊತ್ತೇನೋ ತಿಪ್ಪೇಶ?”

ತಿಪ್ಪೇಶ ಓಬಮ್ಮನ ಹೆಸರಿನ ಮುಂದಿನ ಜಾಗವನ್ನು ಖಾಲಿಯೇ ಬಿಟ್ಟು, ಅವಳನ್ನು ಹುಡುಕಿಕೊಂಡು ಕಾಲೇಜಿನ ಕಡೆ ಹೊರಟ.